ಹರಾಜಿನ ಅಂಚಿಗೆ ಬಂದ ಮನೆ ಕೊಳ್ಳುವುದು ಸಹಾಯವೇ?

ಕ್ಯಾಲಿಫೋರ್ನಿಯಾದಲ್ಲಿ ಮನೆ ಕೊಳ್ಳುವ, ಮಾರುವ ಕೆಲಸದಲ್ಲಿರುವ ನನ್ನನ್ನು ಇಲ್ಲಿನ ಕನ್ನಡದವರು ಮತ್ತೆ ಮತ್ತೆ ಕೇಳುತ್ತಾರೆ: "ಸಾಲದ ಕಂತು ಕಟ್ಟಲಾರದವರ ಮನೆ ಕೊಂಡು, ಅವರಿಗೆ ಸಹಾಯ ಮಾಡಿದೆವು ಅಂತಾರಲ್ಲ ಹೂಡಿಕೆದಾರರು, ಅದು ನಿಜವಾ? ನಾವೂ ಮಾಡಬಹುದಾ?"

ನಿಜವಾಗಬಹುದು. ಆದರೆ ಮನೆ ಮಾರದೆಯೇ ಉಳಿಯುವ ದಾರಿ ಇದೆಯೇ ಎಂದು ಮೊದಲು ಅವರ ಜೊತೆ ಕೂತು ನೋಡಿದವರು ಮಾತ್ರ ಅದನ್ನು ಸಹಾಯ ಎಂದು ಕರೆಯಬಹುದು.

ಫೋರ್‌ಕ್ಲೋಷರ್ (ಕಂತು ಕಟ್ಟದವರ ಮನೆಯನ್ನು ಬ್ಯಾಂಕ್ ಹರಾಜಿಗೆ ಹಾಕುವುದು) ಅಂದ ಕೂಡಲೇ ನಾಳೆಯೇ ಬೀದಿಗೆ ಬೀಳುತ್ತೇವೆ ಅಂತ ಜನ ಹೆದರುತ್ತಾರೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಕಂತು 120 ದಿನ ಮೀರಿ ಬಾಕಿಯಾಗುವ ತನಕ ಆ ಪ್ರಕ್ರಿಯೆ ಆರಂಭಿಸುವಂತೆಯೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ನೋಟಿಸ್ ಆಫ್ ಡಿಫಾಲ್ಟ್ (ಕಂತು ತಪ್ಪಿದೆ ಎಂಬ ಅಧಿಕೃತ ನೋಟಿಸ್) ದಾಖಲಾದ ಮೇಲೆ ಸುಮಾರು ಮೂರು ತಿಂಗಳು, ಹರಾಜಿನ ನೋಟಿಸ್ ಬಂದ ಮೇಲೆ ಮತ್ತೆ ಕನಿಷ್ಠ 20 ದಿನ ಸಿಗುತ್ತದೆ. ಹರಾಜಿಗೆ ಐದು ಕೆಲಸದ ದಿನ ಮುಂಚಿನವರೆಗೂ ಬಾಕಿ, ಖರ್ಚು ಕಟ್ಟಿ ಸಾಲವನ್ನು ಮೊದಲಿನ ಹಾಗೆ ಮುಂದುವರಿಸಬಹುದು. ಸರ್ಕಾರದ ಮಾನ್ಯತೆ ಪಡೆದ ವಸತಿ ಸಲಹೆಗಾರರು ಇದಕ್ಕೆ ಪೈಸೆ ಕೇಳದೆ ನೆರವಾಗುತ್ತಾರೆ. ಈ ಮಾತನ್ನು ಹೇಳದೆ ಕರಾರು ಪತ್ರ ಮುಂದಿಡುವವರು ಆ ಭಯವನ್ನೇ ಬಂಡವಾಳ ಮಾಡಿಕೊಂಡಿದ್ದಾರೆ.

ನಮ್ಮವರಲ್ಲಿ ಇನ್ನೊಂದು ತೊಡಕಿದೆ. ಕೆಲಸ ಹೋದ ಎಚ್-1ಬಿ ಕುಟುಂಬಕ್ಕೆ ಹೊಸ ಕೆಲಸ ಹುಡುಕಲು ಗರಿಷ್ಠ 60 ದಿನ. ಬ್ಯಾಂಕಿಗಿಂತ ಮೊದಲು ವೀಸಾದ ಗಡುವು ಎದುರಾಗುತ್ತದೆ, ಸಿಕ್ಕಷ್ಟಕ್ಕೆ ಮಾರಿ ಹೊರಡೋಣ ಅನ್ನಿಸುತ್ತದೆ. ಊರಿಗೆ ಮರಳಿದ ಮೇಲೂ ಚೆನ್ನೈನ ಅಮೆರಿಕ ಕಾನ್ಸುಲೇಟಿನಲ್ಲಿ ನೋಟರಿ ಮಾಡಿಸಿ ಮಾರಾಟ ಮುಗಿಸಬಹುದು. ದಯವಿಟ್ಟು ಆತುರಪಡಬೇಡಿ.

ಒಂದು ಲೆಕ್ಕ ನೋಡಿ. ಮನೆಯ ಬೆಲೆ 8 ಲಕ್ಷ ಡಾಲರ್, ಸಾಲ 5 ಲಕ್ಷ ಅಂದುಕೊಳ್ಳಿ. ಹೂಡಿಕೆದಾರ 5.6 ಲಕ್ಷಕ್ಕೆ ಕೇಳಿದರೆ ಮನೆಯವರಿಗೆ ಉಳಿಯುವುದು 60 ಸಾವಿರ, ಅದರಲ್ಲೂ ಬಾಕಿ ಕಳೆಯಬೇಕು. ಅದೇ ಮನೆ ಮಾರುಕಟ್ಟೆಯಲ್ಲಿ ಮಾರಿ ಕಮಿಷನ್, ಖರ್ಚಿಗೆ 50 ಸಾವಿರ ಹೋದರೂ ಎರಡೂವರೆ ಲಕ್ಷ. ಇಷ್ಟು ಈಕ್ವಿಟಿ (ಮನೆಯ ಬೆಲೆಯಲ್ಲಿ ಸಾಲ ಕಳೆದು ಉಳಿಯುವ ಸ್ವಂತ ಪಾಲು) ಇದ್ದವರಿಗೆ ನಾನು ಹೇಳುವುದು, ಹೂಡಿಕೆದಾರನ ಗೊಡವೆಯೇ ಬೇಡ, ಒಳ್ಳೆಯ ಏಜೆಂಟರನ್ನು ಹಿಡಿಯಿರಿ.

ಹಾಗಾದರೆ ನಮ್ಮಂಥವರ ಕೆಲಸ ಎಲ್ಲಿ? ಈಕ್ವಿಟಿ ಏನೂ ಇಲ್ಲದ, ಮಾರಿದರೆ ಕೈಯಿಂದಲೇ ಕಟ್ಟಬೇಕಾದ ಮನೆಗಳಲ್ಲಿ. ಬ್ಯಾಂಕ್ ಒಪ್ಪಿದರೆ ಸಾಲಕ್ಕಿಂತ ಕಡಿಮೆಗೆ ಮಾರುವ ಶಾರ್ಟ್ ಸೇಲ್ ಇದೆ. ಇನ್ನೊಂದು ಸಬ್ಜೆಕ್ಟ್-ಟು: ಮನೆ ಕೊಳ್ಳುವವನ ಹೆಸರಿಗೆ, ಸಾಲ ಮಾತ್ರ ಹಳೆಯವರ ಹೆಸರಿನಲ್ಲೇ, ಬಾಕಿಯನ್ನೂ ಮುಂದಿನ ಕಂತುಗಳನ್ನೂ ಕೊಳ್ಳುವವನು ಕಟ್ಟುತ್ತಾನೆ. 30 ವರ್ಷದ ಗೃಹಸಾಲದ ಸರಾಸರಿ ಬಡ್ಡಿ 2021ರ ಜನವರಿಯಲ್ಲಿ ಶೇ. 2.65ಕ್ಕೆ ಇಳಿದಿತ್ತು, 2023ರ ಅಕ್ಟೋಬರಿನಲ್ಲಿ ಶೇ. 7.79ಕ್ಕೆ ಏರಿತು. ಹಳೆಯ ಸಾಲಗಳ ಮೇಲೆ ಹೂಡಿಕೆದಾರರಿಗೆ ಕಣ್ಣು ಬಿದ್ದದ್ದು ಇದಕ್ಕೇ.

ಸಬ್ಜೆಕ್ಟ್-ಟು ವ್ಯವಹಾರದಲ್ಲಿ ಅಪಾಯವೆಲ್ಲ ಮಾರಿದವರ ತಲೆಯ ಮೇಲೆ. ಕೊಂಡವನು ಕಂತು ತಪ್ಪಿಸಿದರೆ ಕ್ರೆಡಿಟ್ ಹಾಳಾಗುವುದು ಅವರದು. ಮನೆ ಕೈಬದಲಾದರೆ ಪೂರ್ತಿ ಸಾಲ ಕೇಳುವ ಬ್ಯಾಂಕಿನ ಹಕ್ಕನ್ನು 1982ರ ಗಾರ್ನ್-ಸೇಂಟ್ ಜರ್ಮೇನ್ ಕಾಯಿದೆ ಎತ್ತಿಹಿಡಿದಿದೆ. ಆದ್ದರಿಂದ ಕಂತು ಮೂರನೆಯ ಸಂಸ್ಥೆಯೊಂದರ ಮೂಲಕ ಹೋಗಬೇಕು, ಖಾತೆ ಮಾರಿದವರ ಕಣ್ಣಿಗೆ ಕಾಣುತ್ತಿರಬೇಕು, ಅವರಿಗೆ ಅವರದೇ ವಕೀಲರಿರಬೇಕು. ಇನ್ನು "ಮನೆ ನನ್ನ ಹೆಸರಿಗೆ ಮಾಡಿ, ಬಾಡಿಗೆಗೆ ಇರಿ, ಆಮೇಲೆ ವಾಪಸ್ ಕೊಳ್ಳಿ" ಎನ್ನುವವರಿಂದ ದೂರವಿರಿ. ಆ ಬಾಡಿಗೆ ತಪ್ಪಿದ ದಿನ ಮನೆಯೂ ಹೋಯಿತು, ಈಕ್ವಿಟಿಯೂ ಹೋಯಿತು.

ಕ್ಯಾಲಿಫೋರ್ನಿಯಾದ 1979ರ ಕಾನೂನೊಂದು ಫೋರ್‌ಕ್ಲೋಷರಿನಲ್ಲಿರುವ ತಮ್ಮ ವಾಸದ ಮನೆಯನ್ನು ಹೂಡಿಕೆದಾರರಿಗೆ ಮಾರುವವರನ್ನು ಕಾಯುತ್ತದೆ. ಸಹಿ ಹಾಕಿದ ಮೇಲೂ ಐದು ಕೆಲಸದ ದಿನಗಳೊಳಗೆ, ಅಷ್ಟರಲ್ಲೇ ಹರಾಜಿದ್ದರೆ ಆ ದಿನ ಬೆಳಿಗ್ಗೆ 8ರೊಳಗೆ, ಕರಾರು ರದ್ದು ಮಾಡಬಹುದು. ಮಾತುಕತೆ ಮುಖ್ಯವಾಗಿ ಯಾವ ಭಾಷೆಯಲ್ಲಿ ನಡೆಯಿತೋ ಕರಾರೂ ಅದೇ ಭಾಷೆಯಲ್ಲಿರಬೇಕು. ಕನ್ನಡದಲ್ಲಿ ನಂಬಿಸಿ ಇಂಗ್ಲಿಷಿನಲ್ಲಿ ಸಹಿ ಹಾಕಿಸಿಕೊಳ್ಳುವವರು ಇದನ್ನು ತಿಳಿದಿರಲಿ.

ನೀವೂ ಮಾಡಬಹುದಾ? ಮನೆ ಖಾಲಿ ಬಿದ್ದು, ಬಾಡಿಗೆ ಬರದೇ ಇದ್ದರೂ ಒಂದು ವರ್ಷ ಮಾರಿದವರ ಸಾಲದ ಕಂತು ಕಟ್ಟುವಷ್ಟು ದುಡ್ಡು ಬ್ಯಾಂಕಿನಲ್ಲಿದ್ದರೆ ಬನ್ನಿ, ಮಾತಾಡೋಣ. ಇಲ್ಲದಿದ್ದರೆ ಬೇರೆಯವರ ಹೆಸರಿನ ಸಾಲಕ್ಕೆ ಕೈ ಹಾಕಬೇಡಿ.