ವಾಲ್ವ್ ಮುಚ್ಚಲು ಬೇಕಾದ ಮೂರು ಸೆಕೆಂಡು

ಬೆಂಗಳೂರಿನ ಹೊರವಲಯದ ಒಂದು ಕಾರ್ಖಾನೆ. ಅಲ್ಲಿ ಕುಲುಮೆ ನಿಲ್ಲಿಸಿದಾಗಲೆಲ್ಲ ಗ್ಯಾಸ್ ಸ್ಕಿಡ್‌ನ (ಅನಿಲದ ಒತ್ತಡ ಇಳಿಸಿ ಕುಲುಮೆಗೆ ಕಳಿಸುವ ಉಪಕರಣಗಳ ಜೋಡಣೆ) ಸ್ಲ್ಯಾಮ್ ಶಟ್ ವಾಲ್ವ್, ಅಂದರೆ ಒತ್ತಡ ಮಿತಿ ಮೀರಿದರೆ ಅನಿಲವನ್ನು ಪೂರ್ತಿ ತಡೆಯುವ ಸುರಕ್ಷತಾ ವಾಲ್ವ್, ಬಿದ್ದು ಮುಚ್ಚಿಕೊಳ್ಳುತ್ತಿತ್ತು. ಒಮ್ಮೆ ಬಿದ್ದರೆ ಅದು ತಾನಾಗಿ ತೆರೆದುಕೊಳ್ಳುವುದಿಲ್ಲ, ಯಾರಾದರೂ ಹೋಗಿ ಕೈಯಾರೆ ರೀಸೆಟ್ ಮಾಡಬೇಕು. ನಾನು ಹೋಗುವಷ್ಟರಲ್ಲಿ, ಒತ್ತಡ ಇಳಿಸುವ ರೆಗ್ಯುಲೇಟರಿನ ಡಯಾಫ್ರಾಮ್, ಸೀಟು ಎಲ್ಲವನ್ನೂ ಬದಲಾಯಿಸಿಯಾಗಿತ್ತು.

ಒಳಬರುವ ಒತ್ತಡ 26 ಬಾರ್, ಹೊರಗೆ ಬೇಕಾದದ್ದು 4. ಒತ್ತಡ ಇಳಿಯುವಾಗ ನೈಸರ್ಗಿಕ ಅನಿಲ ಬಾರ್‌ಗೆ ಸುಮಾರು ಅರ್ಧ ಡಿಗ್ರಿಯಂತೆ ತಣ್ಣಗಾಗುತ್ತದೆ. ರೆಗ್ಯುಲೇಟರಿನ ಆಚೆಯ ಪೈಪು ಬೆಳಗಿನ ಹೊತ್ತಿನಲ್ಲಿ ಮೈತುಂಬ ನೀರಹನಿ ಹೊದ್ದು ನಿಂತಿತ್ತು. ಅದನ್ನು ಬಟ್ಟೆಯಿಂದ ಒರೆಸುತ್ತಲೇ ಟೆಕ್ನಿಷಿಯನ್ ಕೇಳಿದರು: "ಸರ್, ಇದು 4 ಬಾರ್ ಕೊಡಬೇಕಲ್ಲವೇ? 4.8 ಏಕೆ ದಾಟುತ್ತಿದೆ?"

ರೆಗ್ಯುಲೇಟರ್ ಒತ್ತಡ ಕೊಡುತ್ತದೆ ಎಂದುಕೊಂಡರೆ ಉತ್ತರ ಸಿಗುವುದೇ ಇಲ್ಲ. ಅದು ಬಿಡುವುದು ಅನಿಲವನ್ನು. ಆಚೆಯ ಪೈಪಿನಲ್ಲಿ ನಡೆಯುವುದು ಶುದ್ಧ ಜಮಾ ಖರ್ಚಿನ ವ್ಯವಹಾರ: ಒಳಬಂದದ್ದಕ್ಕಿಂತ ಹೊರಹೋದದ್ದು ಕಡಿಮೆಯಾದರೆ ಉಳಿಕೆಯೆಲ್ಲ ಒತ್ತಡವಾಗಿ ನಿಲ್ಲುತ್ತದೆ. ಜೊತೆಗೆ, ಇಲ್ಲಿ ಆಚೆಯ ನಿರಪೇಕ್ಷ ಒತ್ತಡ (ವಾತಾವರಣದ ಒತ್ತಡವನ್ನೂ ಸೇರಿಸಿ ಎಣಿಸಿದ್ದು) ಈಚೆಯದರ ಐದನೇ ಒಂದು ಭಾಗಕ್ಕಿಂತಲೂ ಕಡಿಮೆ. ಇಷ್ಟು ವ್ಯತ್ಯಾಸವಿದ್ದಾಗ ರೆಗ್ಯುಲೇಟರಿನ ಕಿಂಡಿಯಲ್ಲಿ ಅನಿಲ ಶಬ್ದದ ವೇಗ ಮುಟ್ಟಿರುತ್ತದೆ, ಆಚೆಯ ಒತ್ತಡದ ಪ್ರಭಾವ ಅದನ್ನು ದಾಟಿ ಈಚೆಗೆ ಬರಲಾರದು. ಹಾಗಾಗಿ ಆಚೆ ಒತ್ತಡ 4ರಿಂದ 5ಕ್ಕೆ ಏರಿದರೂ ಹರಿವು ಒಂದಿಷ್ಟೂ ತಗ್ಗುವುದಿಲ್ಲ. ನೀರಿನ ಲೈನಿನಲ್ಲಾದರೆ ಎದುರೊತ್ತಡವೇ ಹರಿವನ್ನು ಅಷ್ಟಿಷ್ಟು ತಡೆಯುತ್ತಿತ್ತು, ಇಲ್ಲಿ ಆ ಆಸರೆಯಿಲ್ಲ.

ಲಾಗ್‌ಶೀಟಿನ ಹಿಂಬದಿಯಲ್ಲೇ ಲೆಕ್ಕ ಹಾಕಿದೆ. ಹರಿವು ಗಂಟೆಗೆ 1000 ಪ್ರಮಾಣಿತ ಘನ ಮೀಟರ್, ಅಂದರೆ ವಾತಾವರಣದ ಒತ್ತಡದಲ್ಲಿ, ಸುಮಾರು 1 ಬಾರ್‌ನಲ್ಲಿ, ಅಳೆದದ್ದು. ಬರ್ನರಿನ ಸುರಕ್ಷತಾ ವಾಲ್ವ್ ಒಂದು ಸೆಕೆಂಡಿನೊಳಗೆ ಮುಚ್ಚುತ್ತದೆ, ರೆಗ್ಯುಲೇಟರಿಗೆ ಮೂರು ಸೆಕೆಂಡು ಬೇಕು. ಅದು ನಿಧಾನವಾಗಿ ಮುಚ್ಚುವಾಗ, ಸರಾಸರಿ ಅರ್ಧ ಹರಿವಿನಂತೆ, ಒಳನುಗ್ಗುವ ಅನಿಲ ಸುಮಾರು 0.42 ಘನ ಮೀಟರ್. ನಡುವೆ ಇರುವುದು 150 ಮಿಲಿಮೀಟರ್ ಒಳವ್ಯಾಸದ, ಬರೀ 20 ಮೀಟರ್ ಪೈಪು. ಅದರ ಗಾತ್ರ 0.35 ಘನ ಮೀಟರ್. ಭಾಗಿಸಿದರೆ ಏರಿಕೆ 1.2 ಬಾರ್. 4ಕ್ಕೆ ಅದನ್ನು ಸೇರಿಸಿದರೆ 5.2. ಸ್ಲ್ಯಾಮ್ ಶಟ್ 4.8ಕ್ಕೆ ಬೀಳದೆ ಇನ್ನೇನು ಮಾಡೀತು! ರೆಗ್ಯುಲೇಟರ್ ನಿರ್ದೋಷಿ, ಪೈಪು ಗಿಡ್ಡ.

ಸ್ಲ್ಯಾಮ್ ಶಟ್‌ನ ಮಿತಿಯನ್ನೇ 5.5ಕ್ಕೆ ಏರಿಸಿಬಿಡಿ ಎಂದು ಕಾರ್ಖಾನೆಯವರು ಒತ್ತಾಯಿಸಿದರು. ನಾನು ಖಡಾಖಂಡಿತವಾಗಿ ಒಪ್ಪಲಿಲ್ಲ. ಆಚೆ ಕೆಲಸ ಮಾಡುವವರ ಜೀವ ಕಾಯಲೆಂದೇ ಇಟ್ಟ ಸಾಧನ ಅದು; ಉತ್ಪಾದನೆಯ ಅನುಕೂಲಕ್ಕೆ ಅದನ್ನು ತಿರುಗಿಸುವ ಹಕ್ಕು ಯಾರಿಗೂ ಇಲ್ಲ. ಬದಲಿಗೆ ಅಷ್ಟೇ ಉದ್ದಕ್ಕೆ 300 ಮಿಲಿಮೀಟರಿನ ಹೆಡರ್ (ದಪ್ಪ ಪೈಪು) ಹಾಕಿಸಲು ಬರೆದುಕೊಟ್ಟೆ. ವ್ಯಾಸ ಇಮ್ಮಡಿಯಾದರೆ ಗಾತ್ರ ನಾಲ್ಮಡಿ, ಏರಿಕೆ 0.3 ಬಾರ್‌ಗೆ ಇಳಿಯಬೇಕು.

ಹೆಡರ್ ಕೂಡಿಸಿ, ಒತ್ತಡ ಪರೀಕ್ಷೆ ಮುಗಿಸಿ, ಕುಲುಮೆಯನ್ನು ಪೂರ್ತಿ ಉರಿಸಿ ಒಮ್ಮೆಲೇ ನಿಲ್ಲಿಸಿದೆವು. ಗೇಜಿನ ಮುಳ್ಳು ಜಿಗಿದು 4.3ರ ಹತ್ತಿರ ನಿಂತಿತು. ಸ್ಲ್ಯಾಮ್ ಶಟ್ ಅಲುಗಲಿಲ್ಲ. ಟೆಕ್ನಿಷಿಯನ್ ಆ ಲಾಗ್‌ಶೀಟಿನ ಫೋಟೊ ತೆಗೆದುಕೊಂಡರು. ಅವರು ನೋಡಿಕೊಳ್ಳುವ ಇನ್ನೊಂದು ಸೈಟಿನಲ್ಲಿ ಪೈಪು 4 ಇಂಚಿನದು, ಅದೂ ಗಿಡ್ಡದ್ದೇ.