ಮೂರು ಗೋಡೆಯ ಹಜಾರ, ಐದು ಸ್ಪೀಕರ್

ಹೋಮ್ ಥಿಯೇಟರ್ ಕೈಪಿಡಿಗಳಲ್ಲಿ ಅಚ್ಚಾಗುವ ಕೋಣೆಗೆ ಬಾಗಿಲೂ ಇರುವುದಿಲ್ಲ, ಕಿಟಕಿಯೂ ಇರುವುದಿಲ್ಲ. ನಟ್ಟನಡುವೆ ಸೋಫಾ, ಅದರ ಸುತ್ತ ಅಳೆದಿಟ್ಟಂತೆ ಐದು ಸ್ಪೀಕರ್. ನಮ್ಮ ಹಜಾರಕ್ಕೆ ಎಡಗಡೆ ಮಾತ್ರ ಗೋಡೆಯಿದೆ. ಬಲಗಡೆ ಊಟದ ಮೇಜಿನವರೆಗೂ ಬಯಲು. ಮುಂಬಾಗಿಲು ಟಿವಿಯ ಎಡ ಮೂಲೆಗೆ ತೆರೆದುಕೊಳ್ಳುತ್ತದೆ. ಸೋಫಾ ಹಿಂದಿನ ಗೋಡೆಗೆ ಆತುಕೊಂಡಿದೆ, ಮುಂದಕ್ಕೆಳೆದರೆ ಓಡಾಡಲು ದಾರಿಯಿಲ್ಲ. ಇಂಥ ಜಾಗದಲ್ಲಿ ಐದು ಸ್ಪೀಕರ್ ಮತ್ತು ತಗ್ಗು ಸ್ವರಗಳಿಗೆಂದೇ ಇರುವ ಒಂದು ಸಬ್‌ವೂಫರ್ ಕೂರಿಸಲೆಂದೇ ಒಂದು ಭಾನುವಾರವನ್ನು ಎತ್ತಿಟ್ಟೆ.

ಕೆಲಸ ಎಲ್ಲಿಂದ ಶುರು ಮಾಡಬೇಕೆಂಬುದರಲ್ಲಿ ನನಗೆ ಗೊಂದಲವಿರಲಿಲ್ಲ. ಅಮ್ಮ ಸೋಫಾದ ಎಡತುದಿಯಲ್ಲಿ ಕುಳಿತುಕೊಳ್ಳುತ್ತಾರೆ. ಸಿನಿಮಾ ಓಡುತ್ತಿರುವಾಗ "ಏನಂದನಪ್ಪಾ ಅವನು?" ಎಂದು ಕೇಳುತ್ತಲೇ ಇರುತ್ತಿದ್ದರು. ಶಬ್ದ ಏರಿಸಿದರೆ ಮುಂದಿನ ಹೊಡೆದಾಟಕ್ಕೆ ಬೆಚ್ಚಿಬೀಳುತ್ತಿದ್ದರು. ಇಂಥ ಏರ್ಪಾಡಿನಲ್ಲಿ ಸಂಭಾಷಣೆ ಬಹುಪಾಲು ಬರುವುದು ಟಿವಿಯ ಕೆಳಗಿನ ಸೆಂಟರ್ ಸ್ಪೀಕರಿನಿಂದ. ಮಾತು ತಿಳಿಯದಿದ್ದರೆ ಹಿಂದಿನಿಂದ ಬರುವ ಮಳೆಯ ಸದ್ದು ಕಟ್ಟಿಕೊಂಡು ಏನು ಮಾಡುವುದು? ಹಾಗಾಗಿ ಮೊದಲ ಮರ್ಯಾದೆ ಸೆಂಟರಿಗೇ ಸಲ್ಲಬೇಕೆಂದು ನಿರ್ಧರಿಸಿದೆ.

ಅದಕ್ಕಿದ್ದ ಜಾಗವೊಂದೇ, ಟಿವಿ ಸ್ಟ್ಯಾಂಡಿನ ಖಾನೆ. ಖಾನೆಯ ಆಳಕ್ಕೆ ತಳ್ಳಿದಾಗ ಸುತ್ತಲಿನ ಮರವೂ ದನಿಗೂಡಿಸಿ ಗಂಡಸರ ಮಾತೆಲ್ಲ ಗುಂಯ್ ಎನ್ನುತ್ತಿತ್ತು. ಅಂಚಿನಿಂದ ಬೆರಳಿನಷ್ಟು ಹೊರಗೆ ಚಾಚುವಂತೆ ಎಳೆದಾಗ ಆ ಗುಂಯ್‌ಕಾರ ಕಡಿಮೆಯಾಯಿತು. ಆದರೂ ಅದರ ಮುಖ ನಮ್ಮ ಮೊಣಕಾಲಿನತ್ತ ಇತ್ತು. ಸ್ಪೀಕರಿನೊಳಗಿನ ಚಿಕ್ಕ ಘಟಕವಾದ ಟ್ವೀಟರಿನಿಂದ ಹೊರಡುವ ತೀಕ್ಷ್ಣ ಸ್ವರಗಳು ನೇರವಾಗಿ ಸಾಗುತ್ತವೆ, ಪಕ್ಕಕ್ಕೆ ಹರಡುವುದು ಕಡಿಮೆ. ಸ, ಶ, ತ ಮುಂತಾದ ವ್ಯಂಜನಗಳ ಸ್ಪಷ್ಟತೆ ನಿಂತಿರುವುದೇ ಅವುಗಳ ಮೇಲೆ. ಮುಂಭಾಗದ ತಳಕ್ಕೆ ಎರಡು ರಬ್ಬರ್ ತುಂಡು ಕೊಟ್ಟು, ಮುಖವನ್ನು ಅಮ್ಮನ ಕಿವಿಯ ಎತ್ತರಕ್ಕೆ ಎತ್ತಿದೆ. ವಾರ್ತೆ ಹಾಕಿ ಅವರನ್ನು ಕೂರಿಸಿದಾಗ, "ಈಗ ಬಾಯಿಬಿಟ್ಟು ಮಾತಾಡುತ್ತಿದ್ದಾಳೆ" ಎಂದರು. ಅಷ್ಟು ಹೊತ್ತಿಗೆ ಆ ದಿನದ ಅರ್ಧ ಕೆಲಸ ಮುಗಿದಂತಾಯಿತು.

ಮುಂದಿನ ಎಡಬಲ ಸ್ಪೀಕರುಗಳು ನಡುವಿನ ಗೆರೆಯಿಂದ ತಲಾ 30 ಡಿಗ್ರಿ ಕೋನದಲ್ಲಿರಬೇಕು ಎನ್ನುತ್ತದೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. ಸೋಫಾದಿಂದ ಟಿವಿಗೆ ಮೂರು ಮೀಟರ್. ಆ ಲೆಕ್ಕದಲ್ಲಿ ಪ್ರತಿ ಸ್ಪೀಕರೂ ನಡುವಿನಿಂದ 1.7 ಮೀಟರ್ ದೂರವಿರಬೇಕು. ಎಡಗಡೆ 1.3 ಮೀಟರ್ ದಾಟಿದರೆ ಬಾಗಿಲು ಬಡಿಯುತ್ತದೆ. ಬಲಗಡೆ ಬೇಕಾದಷ್ಟು ಜಾಗವಿದ್ದರೂ ಅಲ್ಲಿಯೂ 1.3 ಮೀಟರಿಗೇ ನಿಲ್ಲಿಸಿದೆ. ಒಂದೇ ಕಡೆ ನಿಯಮ ಪಾಲಿಸಿ ಸಂಗೀತವನ್ನು ಓರೆಯಾಗಿಸುವುದಕ್ಕಿಂತ, ಎರಡೂ ಕಡೆ ಸುಮಾರು 23 ಡಿಗ್ರಿಗೆ ಒಪ್ಪಿಕೊಳ್ಳುವುದು ಮೇಲು. ಎಡಗೋಡೆಗೆ ಬಡಿದು ಬರುವ ಸದ್ದಿನ ದಾರಿ ಹುಡುಕಲು ಮಗ ಗೋಡೆಯುದ್ದಕ್ಕೂ ಕನ್ನಡಿ ಸರಿಸುತ್ತಾ ಹೋದ. ಸೋಫಾದಲ್ಲಿ ಕುಳಿತ ನನಗೆ ಕನ್ನಡಿಯಲ್ಲಿ ಎಡ ಸ್ಪೀಕರ್ ಕಂಡ ಜಾಗಕ್ಕೆ ಪುಸ್ತಕದ ಕಪಾಟನ್ನು ತಂದು ನಿಲ್ಲಿಸಿದೆವು. ಎತ್ತರ, ದಪ್ಪ ಒಂದೇ ಅಲ್ಲದ ಪುಸ್ತಕಗಳು ಸದ್ದನ್ನು ಚದುರಿಸುತ್ತವೆ.

ನಿಜವಾಗಿ ಸತಾಯಿಸಿದ್ದು ಸರೌಂಡ್ ಜೋಡಿ, ಅಂದರೆ ಸುತ್ತಲಿನ ಸದ್ದು ಕೊಡುವ ಉಳಿದೆರಡು ಸ್ಪೀಕರ್. ಅವುಗಳ ಜಾಗ ಕುಳಿತವರ ಪಕ್ಕದಲ್ಲಿ, ತುಸು ಹಿಂದಕ್ಕೆ. ನಮ್ಮ ಬೆನ್ನಿಗೇ ಗೋಡೆ ಇರುವುದರಿಂದ ಹಿಂದಕ್ಕೆ ಎಂಬ ಮಾತೇ ಇಲ್ಲ, ಬಲಗಡೆ ಗೋಡೆಯೂ ಇಲ್ಲ. ಓಡಾಡುವ ದಾರಿಯಲ್ಲಿ ಕಂಬ ನಿಲ್ಲಿಸಿದರೆ ಯಾರಾದರೂ ಎಡವುವುದು ಖಂಡಿತ. ಕೊನೆಗೆ, ಬಯಲಿನ ಮೇಲೆ ಹಾದುಹೋಗಿರುವ ತೊಲೆಗೆ ಬಲ ಸ್ಪೀಕರನ್ನು ತಗುಲಿಸಿ ಕೆಳಮುಖ ಮಾಡಿದೆ. ಜೊತೆಯದು ತಗ್ಗಿನಲ್ಲಿದ್ದರೆ ಎರಡೂ ಬೇರೆಬೇರೆಯಾಗಿ ಕೇಳಿಸುತ್ತವೆಂದು ಎಡದ್ದನ್ನೂ ಗೋಡೆಯ ಮೇಲೆ ಅಷ್ಟೇ ಎತ್ತರಕ್ಕೆ ಏರಿಸಿದೆ. ಆದರೂ ನಡುವೆ ಕುಳಿತರೆ ಬಲದ್ದು ಎಡದ್ದಕ್ಕಿಂತ ಒಂದು ಮೀಟರ್ ದೂರ. ಒಂದು ಮೀಟರ್ ದಾಟಲು ಸದ್ದಿಗೆ ಸುಮಾರು ಮೂರು ಮಿಲಿಸೆಕೆಂಡ್ ಸಾಕು, ಆದರೆ ಕಿವಿ ಮೊದಲು ಬಂದ ಸದ್ದಿನ ದಿಕ್ಕನ್ನೇ ನಂಬುತ್ತದೆ. ಆ ಅಂತರವನ್ನು, ಎಲ್ಲ ಸ್ಪೀಕರುಗಳಿಗೂ ಸದ್ದು ಹಂಚುವ ಯಂತ್ರವಾದ ರಿಸೀವರಿಗೆ ತಿಳಿಸಿದರೆ ಹತ್ತಿರದ ಸ್ಪೀಕರನ್ನು ಅದು ಅಷ್ಟೇ ತಡೆದು ನುಡಿಸುತ್ತದೆ.

ಮಗನಿಗೆ ಇಷ್ಟವಾದದ್ದು ಸಬ್‌ವೂಫರಿನ ಸರದಿ. ಸಾಮಾನ್ಯವಾಗಿ 80 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳನ್ನು ಅದಕ್ಕೆ ವಹಿಸುತ್ತಾರೆ. ಆ ಅಲೆಗಳ ಉದ್ದ ನಾಲ್ಕು ಮೀಟರಿಗೂ ಹೆಚ್ಚು. ಅವು ಎಲ್ಲಿಂದ ಬರುತ್ತಿವೆ ಎಂದು ಕಿವಿಗೆ ತಿಳಿಯುವುದು ಕಷ್ಟ, ಆದರೆ ಗೋಡೆಗಳ ನಡುವೆ ಸಿಕ್ಕಿ ಒಂದು ಕಡೆ ಉಬ್ಬುತ್ತವೆ, ಇನ್ನೊಂದು ಕಡೆ ಮಾಯವಾಗುತ್ತವೆ. ಅದಕ್ಕೇ ಸಬ್‌ವೂಫರನ್ನು ಎತ್ತಿ ಸೋಫಾದ ಮೇಲೆ ಕೂರಿಸಿ, ತಗ್ಗು ಸ್ವರಗಳನ್ನು ಒಂದಾದ ಮೇಲೊಂದು ನುಡಿಸಿದೆವು. ಮಗ ಗೋಡೆಯಂಚಿನಲ್ಲಿ ಅಂಬೆಗಾಲಿಟ್ಟು ಸಾಗಿದ. "ಅಪ್ಪಾ, ಮೂಲೆಯಲ್ಲಿ ಒಂದೇ ಸ್ವರ ಎದೆಗೆ ಗುದ್ದುತ್ತದೆ, ಉಳಿದವು ಇಲ್ಲ" ಎಂದ. ಟಿವಿ ಸ್ಟ್ಯಾಂಡಿಗೂ ಬಲ ಸ್ಪೀಕರಿಗೂ ನಡುವೆ ಬಂದಾಗ ಎಲ್ಲ ಸ್ವರಗಳೂ ಹೆಚ್ಚುಕಡಿಮೆ ಸಮವಾದವು. ಕಿವಿಗೂ ಸಬ್‌ವೂಫರಿಗೂ ಜಾಗ ಅದಲುಬದಲಾದರೂ ಫಲ ಒಂದೇ. ಪೆಟ್ಟಿಗೆಯನ್ನು ಅಲ್ಲಿಗೇ ಇಳಿಸಿದೆವು.

ಮೈಕ್ ಇಟ್ಟು ರಿಸೀವರಿನಿಂದ ಅಳೆಸಿದಾಗ ಸಬ್‌ವೂಫರಿನ ದೂರ ಟೇಪಿನ ಅಳತೆಗಿಂತ ಹೆಚ್ಚಾಗಿ ತೋರಿಸಿತು. ಅದನ್ನು ತಿದ್ದಬಾರದು. ಪೆಟ್ಟಿಗೆಯೊಳಗಿನ ಸರ್ಕ್ಯೂಟ್ ಮಾಡುವ ವಿಳಂಬವೂ ಆ ಅಂಕಿಯಲ್ಲಿ ಸೇರಿರುತ್ತದೆ.

ಸಂಜೆ ಎಲ್ಲರೂ ಸಿನಿಮಾ ನೋಡಿದೆವು. ಅಮ್ಮ ಪ್ರಶ್ನೆ ಕೇಳಿದ್ದು ಕಥೆಯ ಬಗ್ಗೆ ಮಾತ್ರ. ಸೋಫಾದ ಬಲತುದಿಯಲ್ಲಿದ್ದ ಮಗ ತೊಲೆಯ ಸ್ಪೀಕರ್ ತನ್ನ ತಲೆಯ ಮೇಲೇ ಜೋರಾಗಿ ಕೂಗುತ್ತಿದೆ ಎಂದ. ಅವನ ಮಾತು ಸರಿ. ಅದರ ಸದ್ದು ತಗ್ಗಿಸಿದರೆ ಎಡತುದಿಯಲ್ಲಿರುವ ಅಜ್ಜಿಗೆ ಅದು ಕೇಳಿಸುವುದೇ ಇಲ್ಲ ಎಂದು ಅವನಿಗೆ ಹೇಳಿ, ಇದ್ದ ಹಾಗೆಯೇ ಬಿಟ್ಟೆ. ಅವನು ದಿಂಬು ಎತ್ತಿಕೊಂಡು ಸೋಫಾದ ನಡುವಿಗೆ ಸರಿದು ಕುಳಿತ.