ಡ್ರೋನ್ ರೇಡಾರ್‌ನಲ್ಲಿ ವಿದ್ಯುತ್ ಉಳಿಯುವುದು ಎಲ್ಲಿ?

ಡ್ರೋನ್ ಮೇಲಿಂದ ನೆಲದ ಚಿತ್ರ ತೆಗೆಯುವ ಎಸ್‌ಎಆರ್ (ಹಾರುತ್ತಾ ಪಡೆದ ಅನೇಕ ಪ್ರತಿಧ್ವನಿಗಳನ್ನು ಸೇರಿಸಿ ಚಿತ್ರ ಕಟ್ಟುವ) ರೇಡಾರ್ ಕಟ್ಟುವಾಗ ಮೊದಲು ಕಡಿಮೆ ವಾಟ್‌ನ ಪ್ರೊಸೆಸರ್ ಹುಡುಕುವುದು ತಪ್ಪು ಆರಂಭ. 45 ನ್ಯಾನೊಮೀಟರ್ ಚಿಪ್‌ಗಳ ಬಗ್ಗೆ ಸ್ಟ್ಯಾನ್‌ಫರ್ಡ್ ಪ್ರಾಧ್ಯಾಪಕ ಮಾರ್ಕ್ ಹೊರೊವಿಟ್ಜ್ 2014ರಲ್ಲಿ ಕೊಟ್ಟ ಲೆಕ್ಕ ನೋಡಿ: 32 ಬಿಟ್‌ನ ಒಂದು ಫ್ಲೋಟಿಂಗ್ ಪಾಯಿಂಟ್ ಕೂಡಿಕೆಗೆ 0.9 ಪಿಕೊಜೂಲ್ ಶಕ್ತಿ, ಅಷ್ಟೇ ಡೇಟಾವನ್ನು ಹೊರಗಿನ ಮೆಮೊರಿಯಾದ ಡಿರ‍್ಯಾಮ್‌ನಿಂದ ಓದಲು ಸುಮಾರು 640. ವಿದ್ಯುತ್ ತಿನ್ನುವುದು ಲೆಕ್ಕಕ್ಕಿಂತ ಡೇಟಾ ಸಾಗಣೆ, ಹಾಗಾಗಿ ಬೇಡದ ಡೇಟಾ ಮೆಮೊರಿ ತಲುಪಲೇಬಾರದು.

1 ಮೀಟರ್ ರೆಸಲ್ಯೂಷನ್‌ಗೆ 150 ಮೆಗಾಹರ್ಟ್ಸ್ ಬ್ಯಾಂಡ್‌ವಿಡ್ತ್ ಬೇಕು. ನೇರ ಸ್ಯಾಂಪಲ್ ಮಾಡಿದರೆ, ಅಲೆಯನ್ನು ಅಂಕಿಗಳಾಗಿಸುವ ಎಡಿಸಿಯಿಂದ ಸೆಕೆಂಡಿಗೆ 30 ಕೋಟಿಗೂ ಮಿಕ್ಕಿ ಸ್ಯಾಂಪಲ್. ಬದಲಿಗೆ 1 ಮಿಲಿಸೆಕೆಂಡಿನ ಎಫ್‌ಎಂಸಿಡಬ್ಲ್ಯೂ ಸ್ವೀಪ್ (ಆವರ್ತನ ಒಂದೇ ಸಮನೆ ಏರುತ್ತಾ ಹೋಗುವ ಅಲೆ) ಕಳಿಸಿ, ಮರಳಿದ ಅಲೆಯನ್ನು ಹೋಗುತ್ತಿರುವ ಅಲೆಯ ಜೊತೆಗೇ ಮಿಕ್ಸ್ ಮಾಡಿ. 3 ಕಿಲೋಮೀಟರ್ ದೂರದ ಪ್ರತಿಧ್ವನಿ 3 ಮೆಗಾಹರ್ಟ್ಸ್ ಬೀಟ್ (ಎರಡು ಅಲೆಗಳ ಆವರ್ತನದ ವ್ಯತ್ಯಾಸ) ಆಗಿ ಸಿಗುತ್ತದೆ. ಸೆಕೆಂಡಿಗೆ 80 ಲಕ್ಷ ಸ್ಯಾಂಪಲ್ ಸಾಕು.

ಮುಂದಿನದು ಪ್ರೀಸಮ್, ಅಂದರೆ ಪಕ್ಕಪಕ್ಕದ ಸ್ವೀಪ್‌ಗಳನ್ನು ಮೊದಲೇ ಕೂಡಿ ಒಂದಾಗಿಸುವುದು. ಆಂಟೆನಾ ಅರ್ಧ ಮೀಟರ್, ವೇಗ ಸೆಕೆಂಡಿಗೆ 20 ಮೀಟರ್ ಇದ್ದರೆ ಡಾಪ್ಲರ್ ಹರವು (ಡ್ರೋನ್ ಚಲನೆಯಿಂದ ಆವರ್ತನ ಬದಲಾಗುವ ವ್ಯಾಪ್ತಿ) 80 ಹರ್ಟ್ಸ್ ಮಾತ್ರ. ಸೆಕೆಂಡಿನ 1000 ಸ್ವೀಪ್‌ಗಳನ್ನು ಎಂಟೆಂಟು ಸೇರಿಸಿ 125ಕ್ಕೆ ಇಳಿಸಬಹುದು. ಇದನ್ನು ಎಫ್‌ಎಫ್‌ಟಿಗೆ (ಬೀಟ್‌ನ ಆವರ್ತನಗಳನ್ನು ಬಿಡಿಸುವ ಲೆಕ್ಕಕ್ಕೆ) ಮೊದಲೇ ಮಾಡಿ, ಎಫ್‌ಎಫ್‌ಟಿ ಕೆಲಸವೂ ಎಂಟನೇ ಒಂದಕ್ಕೆ ಇಳಿಯುತ್ತದೆ. ಆದರೆ ಡ್ರೋನ್ ಚಲನೆ ಅಳೆಯುವ ಐಎಂಯು ಸೆನ್ಸರ್ ಆಧರಿಸಿದ ಫೇಸ್ (ಅಲೆಯ ಹಂತ) ತಿದ್ದುಪಡಿ ಪ್ರೀಸಮ್‌ಗಿಂತ ಮುಂಚೆ ಆಗಲೇಬೇಕು. 10 ಗಿಗಾಹರ್ಟ್ಸ್‌ನಲ್ಲಿ ಡ್ರೋನ್ ನೋಟದ ದಿಕ್ಕಿನಲ್ಲಿ 1 ಮಿಲಿಮೀಟರ್ ಸರಿದರೂ ಫೇಸ್ 24 ಡಿಗ್ರಿ ತಿರುಗುತ್ತದೆ. ತಿದ್ದದೆ ಕೂಡಿದರೆ ಸಿಗ್ನಲ್ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ.

ಆಮೇಲೆ ಬರುವುದು ಕಾರ್ನರ್ ಟರ್ನ್: ಸ್ವೀಪ್‌ಗೊಂದರಂತೆ ಮೆಮೊರಿಯಲ್ಲಿ ಸಾಲಾಗಿ ಬರೆದದ್ದನ್ನು ಕಂಬಸಾಲಾಗಿ ಓದಬೇಕು. ನೇರವಾಗಿ ಓದಿದರೆ ಪ್ರತಿ ಸ್ಯಾಂಪಲ್‌ಗೂ ಡಿಡಿಆರ್ ಮೆಮೊರಿ ಹೊಸ ರೋ ತೆರೆಯುತ್ತದೆ, ವಿದ್ಯುತ್ ಅಲ್ಲೇ ಸೋರಿಹೋಗುತ್ತದೆ. ಮೆಮೊರಿಯನ್ನು 32×32 ತುಂಡುಗಳಾಗಿ ಜೋಡಿಸಿ. ಸ್ಯಾಂಪಲ್‌ಗೆ 4 ಬೈಟ್‌ನಂತೆ ಒಂದು ತುಂಡು 4 ಕಿಲೋಬೈಟ್. ಒಂದೇ ಓಟದಲ್ಲಿ ಓದಿ, ಬೇಕಾದಂತೆ ರೂಪಿಸಿಕೊಳ್ಳುವ ಚಿಪ್ ಆದ ಎಫ್‌ಪಿಜಿಎಯ 36 ಕಿಲೋಬಿಟ್‌ನ ಒಂದು ಬ್ಲಾಕ್ ರ‍್ಯಾಮ್‌ನೊಳಗೆ ತಿರುಗಿಸಿಕೊಳ್ಳಬಹುದು.

ಎಫ್‌ಎಫ್‌ಟಿಗೆ 16 ಬಿಟ್ ಬ್ಲಾಕ್ ಫ್ಲೋಟಿಂಗ್ ಪಾಯಿಂಟ್ (ಇಡೀ ಸಾಲಿಗೆ ಒಂದೇ ಎಕ್ಸ್‌ಪೊನೆಂಟ್, ಅಂದರೆ ಘಾತ, ಬಳಸುವ ಪದ್ಧತಿ) ಸಾಕು. ಪ್ರತಿ ಸಾಲಿನ ಎಕ್ಸ್‌ಪೊನೆಂಟ್ ಉಳಿಸಿಕೊಳ್ಳಿ, ಇಲ್ಲವಾದರೆ ಅಲೆಯನ್ನು ಬಲವಾಗಿ ಮರಳಿಸುವ ತಗಡಿನ ಛಾವಣಿ ಬಂದ ಕಡೆಯೆಲ್ಲ ಚಿತ್ರಕ್ಕೆ ಪಟ್ಟೆ ಬೀಳುತ್ತದೆ.

ಇನ್ನು ಸ್ವಿಚ್ ಮಾಡಿ ವೋಲ್ಟೇಜ್ ಇಳಿಸುವ ಬಕ್ ಕನ್ವರ್ಟರ್. ಈ ರೇಡಾರ್‌ನಲ್ಲಿ 1 ಕಿಲೋಹರ್ಟ್ಸ್ ಎಂದರೆ 1 ಮೀಟರ್. 500 ಕಿಲೋಹರ್ಟ್ಸ್‌ನಲ್ಲಿ ಸ್ವಿಚ್ ಆಗುವ ಕನ್ವರ್ಟರ್, 500 ಮೀಟರ್ ದೂರದಲ್ಲಿ ಇಲ್ಲದ ವಸ್ತುವನ್ನು ತೋರಿಸುತ್ತದೆ. ಸ್ವಿಚ್ ಆಗದ ರೆಗ್ಯುಲೇಟರ್ ಆದ ಎಲ್‌ಡಿಒ ಹಾಕಿದರೆ ಉಳಿಸಿದ ವಿದ್ಯುತ್ತಿನಲ್ಲಿ ಸ್ವಲ್ಪ ಶಾಖವಾಗಿ ಹೋಗುತ್ತದೆ. ನಮಗೆ ಹೆಚ್ಚು ಹಿಡಿಸಿದ ದಾರಿ ಬೇರೆ: ರೇಡಾರ್ ಕ್ಲಾಕ್‌ನಿಂದಲೇ ಸಿಂಕ್ ಕೊಟ್ಟು 500.5 ಕಿಲೋಹರ್ಟ್ಸ್‌ಗೆ ಇಡುವುದು. ಆಗ 1 ಮಿಲಿಸೆಕೆಂಡಿಗೆ ಅರ್ಧ ಸುತ್ತು ಹೆಚ್ಚುವುದರಿಂದ ಗದ್ದಲದ ಫೇಸ್ ಪ್ರತಿ ಸ್ವೀಪ್‌ಗೂ ತಿರುವುಮುರುವಾಗಿ, ಪ್ರೀಸಮ್‌ನಲ್ಲಿ ಬಹುಪಾಲು ಅಳಿದುಹೋಗುತ್ತದೆ. ಪರೀಕ್ಷಿಸಲು ರಿಸೀವರ್ ಆಂಟೆನಾ ಬಿಚ್ಚಿ 50 ಓಮ್ ಟರ್ಮಿನೇಟರ್ ಹಾಕಿ. ಆಗಲೂ ಉಳಿಯುವ ಗೆರೆಗಳು ಬೋರ್ಡ್‌ನವೇ.